ಮಗುವಿನ ಹೊಟ್ಟೆ, ನನ್ನ ಹೊಟ್ಟೆಕಿಚ್ಚು

ಆ ಭಾನುವಾರ ಭಾಲ್ಕಿಯ ಅವ್ವನ ಮನೆಯ ಅಂಗಳದಲ್ಲಿ ಉದ್ದಿನ ಕಾಳು ಹರವಿತ್ತು. ಹಲಬರ್ಗಾದ ಹೊಲದ ಕಾಳು. ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದಿದ್ದರಿಂದ ಅವ್ವ ಬೆಳಿಗ್ಗೆಯೇ ಚಾದರ ಹಾಸಿ ಒಣಗಲು ಹಾಕಿದ್ದಳು. ನಾನು ಬೀದರಿನಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ತಂಗಿ ಔರಾದಿನ ಗಂಡನ ಮನೆಯಿಂದ ಹಿಂದಿನ ದಿನವೇ ಬಂದಿದ್ದಳು, ಒಂದು ವರ್ಷ ಎಂಟು ತಿಂಗಳಿನ ಮಗಳನ್ನು ಎತ್ತಿಕೊಂಡು.

ನನಗೆ ಮದುವೆಯಾಗಿ ಆಗ ಹನ್ನೊಂದು ವರ್ಷ. ಮಕ್ಕಳಿಲ್ಲ. ತಂಗಿಯ ಮದುವೆಯಾಗಿ ನಾಲ್ಕೇ ವರ್ಷ. ಅವ್ವ ಅಂದು ಮೊದಲ ಬಿಸಿ ರೊಟ್ಟಿಯನ್ನು ತಂಗಿಯ ತಾಟಿಗೆ ಹಾಕಿ, "ಆಕಿ ಕೂಸಿಗಿ ಹಾಲುಣಿಸ್ತಾಳ, ಆಕಿ ಮೊದಲ ಉಣ್ಣಲಿ" ಎಂದಳು. ನಾನು ಎರಡನೆಯ ರೊಟ್ಟಿಗೆ ಕಾದೆ. ಅಷ್ಟಕ್ಕೇ ನನಗೆ ಊಟ ಸೇರಲಿಲ್ಲ. ಹೀಗೆ ಸಣ್ಣಸಣ್ಣದಕ್ಕೆ ಹೊಟ್ಟೆ ಉರಿಯುವುದು ನನಗೆ ಹೊಸದಲ್ಲ. ಮಗು ತಂಗಿಯ ಕಿವಿಯ ಓಲೆ ಹಿಡಿದು ಎಳೆದರೆ, ತಂಗಿ "ಅಯ್ಯಯ್ಯೋ ಬಿಡಾ" ಎಂದು ಸುಮ್ಮನೆ ಕೂಗಿದರೆ, ಅದನ್ನೂ ನನಗೆ ತೋರಿಸಲೆಂದೇ ಮಾಡುತ್ತಿದ್ದಾಳೆ ಅನಿಸುತ್ತಿತ್ತು.

ಊಟವಾದ ಮೇಲೆ ತಂಗಿ ಜಳಕ ಮಾಡಿ, ಮಗುವಿನ ಗದ್ದಲದಲ್ಲಿ ಬೆಳಿಗ್ಗೆ ತಪ್ಪಿದ್ದ ಲಿಂಗಪೂಜೆಗೆ ಕೂತಳು.

"ಅಕ್ಕಾ, ಜರಾ ಹಿಡಿ ಈಕಿನ್ನ. ಹತ್ತು ಮಿನಿಟ."

ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಅಳಲಿಲ್ಲ. ನನ್ನ ಬಳೆ ಎಣಿಸುವವಳಂತೆ ಒಂದೊಂದನ್ನೇ ಮುಟ್ಟುತ್ತ ಕೂತಳು. ಆಮೇಲೆ ಒಮ್ಮೆಲೇ ತೊಡೆ ಬೆಚ್ಚಗಾಯಿತು. ನೋಡಿದರೆ ಅವಳ ಚಡ್ಡಿಯಿಂದ ಇಳಿದು ನನ್ನ ಸೀರೆಯ ನಿರಿಗೆಯವರೆಗೂ ಹರಿದಿತ್ತು. ಮೆತ್ತಗೆ, ಸಲೀಸಾಗಿ, ಮುಖದಲ್ಲಿ ಒಂದು ಗೆರೆಯೂ ಇಲ್ಲದೆ ಎರಡಕ್ಕೆ ಮಾಡಿದ್ದಳು.

"ಶೀ!" ಎಂದು ನಾನು ಕೈ ಎತ್ತಿಬಿಟ್ಟೆ.

ಮಗು ನನ್ನ ಮುಖ ನೋಡಿ, ಖುಷಿಯಿಂದ, "ಶೀ" ಎಂದಳು.

ಅಂಗೈಯಲ್ಲಿ ಲಿಂಗ ಹಿಡಿದಿದ್ದ ತಂಗಿ ಕಣ್ಣು ತೆರೆದು ನೋಡಿ ನಕ್ಕಳು. "ಹೌದು, ಶೀ, ಶೀ! ನೋಡು, ನಮ್ಮ ಮಾಶಿಗಿ ಒಂದೇ ದಿನದಾಗ ತಿಳೀತು!"

ಮಾಶಿ ಎಂದರೆ ನಾನು. ತಂಗಿಯ ಗಂಡನ ಮನೆಯವರೂ ನಮ್ಮಂತೆ ಲಿಂಗಾಯತರೇ, ಮನೆಮಾತು ಮಾತ್ರ ಮರಾಠಿ. ಅದಕ್ಕೆ ಅವರಲ್ಲಿ ತಾಯಿಯ ಅಕ್ಕ ದೊಡ್ಡವ್ವ ಆಗುವುದಿಲ್ಲ, ಮಾವಶಿ ಆಗುತ್ತಾಳೆ. ಮಗುವಿನ ಬಾಯಲ್ಲಿ ಅದು ಮಾಶಿ. ಆದರೆ ತಂಗಿಯ ಆ ಮಾತು ನನಗೆ ಚುಚ್ಚಿತು. ಹೆತ್ತವರಿಗೆ ಗೊತ್ತಿರುವುದು ಬಂಜೆಗೆ ಇವತ್ತು ಗೊತ್ತಾಯಿತು ಎಂದು ಅವಳು ನಗುತ್ತಿದ್ದಾಳೆ, ಅಂದುಕೊಂಡೆ.

"ನಿನಗೇನ, ನಗ್ತಿ. ಹೊಸ ಸೀರಿ ಇದು."

"ಅಕ್ಕಾ, ಕೂಸಿಂದು ಏನ್ ಹೊಲಸ ಇರ್ತದ? ತೊಳದ್ರ ಹೋತು."

ನಳದ ಕೆಳಗೆ ಸೀರೆ ತೊಳೆದೆ. ಐದರ ಬಸ್ಸಿಗೆ ಹೊರಡಬೇಕಿದ್ದವಳು ಮೂರಕ್ಕೇ ಹೊರಟೆ. ತಂಗಿ ಬಾಗಿಲಲ್ಲಿ ನಿಂತು ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು. ಆಟೋದಲ್ಲಿ ಕೂತು ನಾನೂ ಕೈ ಬೀಸಿದೆ, ಮಗುವಿಗೆ. ತಂಗಿಯ ಮುಖ ನೋಡಲಿಲ್ಲ.

ಬುಧವಾರ ತಂಗಿಗೆ ಜ್ವರ ಬಂತು. ಎರಡು ದಿನ ಔರಾದಿನಲ್ಲಿ, ನಾಲ್ಕು ದಿನ ಬೀದರಿನ ಆಸ್ಪತ್ರೆಯಲ್ಲಿ. ಡೆಂಗಿ ಎಂದರು, ಪ್ಲೇಟ್‌ಲೆಟ್ ಇಳಿದವು ಎಂದರು. ಯಾರದೂ ತಪ್ಪಿರಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳು ಹೋದಳು.

ಮಣ್ಣು ಮಾಡಿ, ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ಮಗು ಎಲ್ಲಿರಬೇಕು ಎಂಬ ಮಾತು ಬಂತು. ಮಗುವಿನ ಅಪ್ಪನಿಗೆ ಔರಾದಿನಲ್ಲಿ ಬೀಜ ಗೊಬ್ಬರದ ಅಂಗಡಿ, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ಅವನ ತಾಯಿ ಮೊದಲೇ ತೀರಿಕೊಂಡಿದ್ದರು. ಆದರೆ ಅವನ ಅಕ್ಕ ಅದೇ ಓಣಿಯಲ್ಲಿ ಎರಡು ಮನೆ ಆಚೆಗಿದ್ದಳು. ಐವತ್ತರ ಹೆಂಗಸು, ಮಕ್ಕಳು ಕಾಲೇಜಿಗೆ ಹೋಗುವವರು. ಮಗು ಅವಳನ್ನು ಆತ್ಯಾ ಎನ್ನುತ್ತಿದ್ದಳು, ಸೋದರತ್ತೆ. ತಂಗಿ ಆಸ್ಪತ್ರೆ ಸೇರಿದಾಗಿನಿಂದ ಮಗು ಅವಳ ಮಡಿಲಲ್ಲೇ ಇತ್ತು. ಎಲ್ಲರ ಕಣ್ಣು ಅವಳ ಕಡೆಗೇ ಹೋಯಿತು.

ನಾನು ನಡುವೆ ಬಾಯಿ ಹಾಕಿದೆ. "ನನಗ ಮಕ್ಕಳಿಲ್ಲ. ನನ್ನ ತಂಗಿ ಮಗಳು ನನ್ನ ಹತ್ರ ಇರಲಿ" ಎಂದೆ. ಅಷ್ಟು ವರ್ಷ ಬೇರೆಯವರು ಆಡಿದ ಮಾತನ್ನು ಅಂದು ಮೊದಲ ಸಲ ನಾನೇ ಆಡಿದೆ, ಮಗು ಸಿಗಲಿ ಎಂದು. ಯಾರಿಗೂ ಇಲ್ಲ ಎನ್ನುವುದಕ್ಕಾಗಲಿಲ್ಲ. ಆತ್ಯಾ ಮಾತ್ರ ಮಗುವಿನ ತಲೆ ಸವರುತ್ತ, "ಕರಕೊಂಡು ಹೋಗ್ರಿ ಬೀಗ್ತಿ. ಆದ್ರ ಫೋನ್ ಮಾಡ್ತಿರ್ರಿ" ಎಂದಳು. ಅವಳು ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಬೀದರಿನ ನಮ್ಮ ಮನೆ ಎರಡು ಕೋಣೆಯದು. ಯಜಮಾನರು ಕೊಳಾರದ ಒಂದು ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುತ್ತಾರೆ. ನಾನು ಮನೆಯಲ್ಲೇ ಜಂಪರು ಹೊಲಿಯುತ್ತೇನೆ. ಮಗು ಬಂದ ಮೇಲೆ ಮೆಷಿನ್ ಮುಚ್ಚಿಟ್ಟೆ. ಅವಳು ರೊಟ್ಟಿ ಮುಟ್ಟಲಿಲ್ಲ, ಅನ್ನ ಎರಡು ತುತ್ತು. ಆದರೆ ಬಾಟಲಿಯಲ್ಲಿ ಹಾಲು ಕೊಟ್ಟರೆ ನನ್ನ ತೋಳಿನ ಮೇಲೆ ಒರಗಿ, ನನ್ನ ಮುಖ ನೋಡುತ್ತ ಪೂರ್ತಿ ಕುಡಿಯುತ್ತಿದ್ದಳು. ಆ ನೋಟಕ್ಕಾಗಿ ನಾನು ಹಾಲು ಕೊಟ್ಟೆ. ಎಮ್ಮೆಯ ಗಟ್ಟಿ ಹಾಲು, ನೀರು ಬೆರೆಸದೆ, ದಿನಕ್ಕೆ ಐದು ಬಾಟಲಿ, ಕೆಲವು ದಿನ ಆರು. ಮಗುವಿನ ಗಲ್ಲ ತುಂಬಬೇಕು, ಔರಾದಿನವರು ಫೋನಿನಲ್ಲಿ ನೋಡಬೇಕು, ಅಷ್ಟೇ ನನ್ನ ತಲೆಯಲ್ಲಿತ್ತು.

ಆತ್ಯಾ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವಳ ಮುಖ ಕಂಡ ತಕ್ಷಣ ಮಗು ಫೋನನ್ನೇ ನೆಕ್ಕುವಷ್ಟು ಹತ್ತಿರ ಹಿಡಿದು ಮುದ್ದು ಕೊಡುತ್ತಿತ್ತು. ದಿನವಿಡೀ ಎತ್ತಿಕೊಂಡಿದ್ದ ನನಗೆ ಒಂದು ಮುದ್ದೂ ಇಲ್ಲ. ನಾನು ಪಕ್ಕದಲ್ಲಿ ಕೂತು ಪರದೆಯ ಮೇಲಿನ ಜೊಲ್ಲು ಒರೆಸುತ್ತಿದ್ದೆ.

"ಊಟ ಮಾಡ್ತಾಳೇನ್ರಿ?"

"ಹ್ಞೂಂರಿ, ಭೇಷ್ ಮಾಡ್ತಾಳ."

"ಹೊಟ್ಟಿ ಸಾಫ್ ಆಗ್ತದ?"

"ಎಲ್ಲಾ ಆರಾಮ ಅದರಿ."

ಅದು ಸುಳ್ಳು. ಎರಡನೆಯ ವಾರದಿಂದಲೇ ಮಗುವಿಗೆ ಹೊಟ್ಟೆ ಕಟ್ಟಿತ್ತು.

ಮೊದಲಿಗೆ ನಮಗೆ ತಿಳಿಯಲಿಲ್ಲ. ಮಗು ಇದ್ದಕ್ಕಿದ್ದಂತೆ ಆಟ ಬಿಟ್ಟು, ಗೋಡೆ ಹಿಡಿದು, ಕಾಲು ಕತ್ತರಿ ಹಾಕಿ, ತುದಿಬೆರಳ ಮೇಲೆ ನಿಲ್ಲುತ್ತಿತ್ತು. ಯಜಮಾನರು ನಗುತ್ತಿದ್ದರು. "ನೋಡಲ್ಲಿ, ಡ್ಯಾನ್ಸ್ ಮಾಡ್ಲಾಕತ್ತಾಳ!" ನಾನೂ ನಕ್ಕು ಚಪ್ಪಾಳೆ ತಟ್ಟಿದೆ. ಮೂರನೆಯ ದಿನ ಅದೇ ಡ್ಯಾನ್ಸ್ ಮಾಡುತ್ತ ಬಾಗಿಲ ಹಿಂದೆ ಹೋಗಿ ನಿಂತಳು. ಮುಖ ಕೆಂಪಾಗಿ, ಹಣೆಯ ಮೇಲೆ ಬೆವರು. ಆಮೇಲೆ ಒಂದು ಕಿರುಚಾಟ. ಚಡ್ಡಿ ಬಿಚ್ಚಿ ನೋಡಿದರೆ ಕಲ್ಲಿನಂತೆ ಎರಡು ಉಂಡೆ, ಅವುಗಳ ಮೇಲೆ ಎಳೆಯಷ್ಟು ರಕ್ತ.

ಅಂದಿನಿಂದ ಅವಳು ಹೆದರಿದಳು. ಬಂದಾಗಲೆಲ್ಲ ಬಿಗಿ ಹಿಡಿದು ನಿಲ್ಲುವುದು, ಅಳುವುದು. ನಾಲ್ಕು ದಿನ, ಐದು ದಿನ ಏನೂ ಇಲ್ಲ. ಹೊಟ್ಟೆ ಡಬ್ಬಿಯಂತೆ ಗಟ್ಟಿ.

ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಬಜಾರಿಗೆ ಹೋಗಿ ಮಕ್ಕಳನ್ನು ಎರಡಕ್ಕೆ ಕೂಡಿಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಾಟಿ ತಂದೆ. ಅದರ ಮೇಲೆ ಬಾತುಕೋಳಿಯ ತಲೆ ಇತ್ತು, ಒತ್ತಿದರೆ ಹಾಡುತ್ತಿತ್ತು. ಮಗುವಿನ ಕಾಲು ನೆಲಕ್ಕೆ ತಾಗದೆ ಜೋತಾಡುತ್ತಿದ್ದವು. ಕೂಡಿಸಿದ ತಕ್ಷಣ ಇಳಿದು ಓಡುತ್ತಿದ್ದಳು. "ಕಕ್ಕಾ ಬಂತೇನು? ಕಕ್ಕಾ?" ಎಂದು ನಾನು ಕೇಳಿದರೆ ಮಗು ಅಳು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿತ್ತು. ಅವರ ಮನೆಯಲ್ಲಿ ಅಪ್ಪನ ತಮ್ಮನಿಗೆ ಕಾಕಾ ಎನ್ನುತ್ತಾರೆ. ಔರಾದಿನ ಕಾಕಾ ಬಂದನೇನೋ ಎಂದು ಅವಳು ಕಾಯುತ್ತಿದ್ದಳು. ಅದು ತಿಳಿದ ದಿನ ನಾನೂ ಯಜಮಾನರೂ ಹೊಟ್ಟೆ ಹಿಡಿದು ನಕ್ಕೆವು. ಆದರೆ ಹಾಗಿದ್ದರೆ ಅವರಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕಾದರೆ ಆತ್ಯಾಳನ್ನೇ ಕೇಳಬೇಕಿತ್ತು.

ಪಕ್ಕದ ಮನೆಯ ಅಜ್ಜಿ ಮಲದ್ವಾರದಲ್ಲಿ ಸಾಬೂನಿನ ತುಂಡು ಇಡಲು ಹೇಳಿದಳು. ಇಟ್ಟೆ. ಒಮ್ಮೆ ಮಾತ್ರ. ಮಗು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಅವಳು ಬಚ್ಚಲುಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಜಳಕವನ್ನೂ ಅಡುಗೆಮನೆಯ ಮೂಲೆಯಲ್ಲಿ ಮಾಡಿಸಬೇಕಾಯಿತು.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು. ಮಗುವಿನ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದರು.

"ಒಮ್ಮೆ ನೋವಾಗ್ಯದ, ಅದಕ್ಕ ಹೆದರಿ ಹಿಡಿತಾಳ. ಹಿಡದಷ್ಟು ಗಟ್ಟಿ ಆಗ್ತದ, ಮತ್ತ ನೋವಾಗ್ತದ. ಬೈಬ್ಯಾಡ್ರಿ, ಹೊಡಿಬ್ಯಾಡ್ರಿ. ಸಾಬೂನ ಗೀಬೂನ ಇಟ್ಟೀರೇನು?"

"ಇಲ್ರಿ."

"ಹಾಲು ಎಷ್ಟು ಕುಡಿತಾಳ?"

"ಎರಡು ಲೋಟರಿ."

"ಬಂದಾಗ ಹೇಳ್ತಾಳೇನು?"

"ಏನೂ ಹೇಳಲ್ರಿ."

ಮೂರರಲ್ಲಿ ಎರಡು ಸುಳ್ಳು. ಮೂರನೆಯದನ್ನು ನಾನು ನಿಜವೆಂದೇ ನಂಬಿದ್ದೆ.

ಅವರು ಮಲ ಮೆತ್ತಗಾಗುವ ಸಿರಪ್ ಬರೆದುಕೊಟ್ಟರು. ದಿನಾ ಕೊಡಬೇಕು, ಸರಿಹೋಯಿತೆಂದು ನಡುವೆ ನಿಲ್ಲಿಸಬಾರದು, ತಿಂಗಳುಗಟ್ಟಲೆ ಬೇಕಾಗಬಹುದು ಎಂದರು. ಹಾಲು ಕಡಿಮೆ, ನೀರು, ಹಣ್ಣು, ಕಾಯಿಪಲ್ಯ ಹೆಚ್ಚು. ಊಟವಾದ ಮೇಲೆ ಐದು ಹತ್ತು ನಿಮಿಷ ಕೂಡಿಸಬೇಕು, ಕಾಲಿಗೆ ಆಸರೆ ಇರಬೇಕು. ನಾನು ತಲೆ ಆಡಿಸಿದೆ. ಸಿರಪ್ ಕೊಟ್ಟೆ. ನಾಲ್ಕನೆಯ ದಿನ ಸ್ವಲ್ಪ ಸಡಿಲಾಯಿತು. ಸಾಕು, ಕೂಸಿಗೆ ಇಷ್ಟು ಔಷಧ ಯಾಕೆ ಎಂದು ನಿಲ್ಲಿಸಿದೆ. ಬಾಟಲಿಯನ್ನು ಮೆಷಿನ್ನಿನ ಖಾನೆಯಲ್ಲಿ ಇಟ್ಟೆ, ವಿಡಿಯೋದಲ್ಲಿ ಕಾಣದ ಹಾಗೆ. ಹಾಲನ್ನು ಮಾತ್ರ ಕಡಿಮೆ ಮಾಡಲಿಲ್ಲ. ಹಾಲು ಬಿಟ್ಟರೆ ಮಗು ನನ್ನ ತೋಳಿನ ಮೇಲೆ ಒರಗುವುದು ಇನ್ಯಾವುದಕ್ಕೆ?

ಒಂದು ವಾರದಲ್ಲಿ ಮತ್ತೆ ಕಟ್ಟಿತು, ಮೊದಲಿಗಿಂತ ಕೆಟ್ಟದಾಗಿ.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ಸುಟ್ಟದ್ದು ಇನ್ನೊಂದು. ಮಗುವಿಗೆ ಊಟ ಮಾಡಿಸಲು ಕೂತಾಗ ನಾಲ್ಕು ತುತ್ತು ತಿಂದು ಐದನೆಯದಕ್ಕೆ ನನ್ನ ಕೈ ತಳ್ಳಿ "ಶೀ" ಎನ್ನುತ್ತಿದ್ದಳು. ಬೇಳೆ ಅನ್ನಕ್ಕೆ ಶೀ. ತುಪ್ಪ ಸಕ್ಕರೆ ರೊಟ್ಟಿಗೆ ಶೀ. ನಾನು ಬೇರೆ ತುತ್ತು ಮಾಡಿ ಬಾಯಿಗೆ ಹಿಡಿದರೆ ಅಳುತ್ತ "ಶೀ, ಶೀ" ಎಂದು ಎದ್ದು ಓಡುವುದು. ನನ್ನ ಅಡುಗೆ ಅವಳಿಗೆ ಹೇಸಿಗೆ ಎಂದೇ ನಾನು ತಿಳಿದೆ. ಇಷ್ಟು ಸಣ್ಣ ಕೂಸು ತಾನಾಗಿ ಹಾಗನ್ನುವುದಿಲ್ಲ, ಔರಾದಿನಲ್ಲಿ ಕಲಿಸಿ ಕಳಿಸಿದ್ದಾರೆ ಎಂದೂ ಅಂದುಕೊಂಡೆ. ಒಂದು ಸಲ ತಾಟು ದೂರ ತಳ್ಳಿ, "ನಿನ್ನ ಆತ್ಯಾನ ಕೈಯಾಗಿಂದೇ ಬೇಕೇನು? ಹೋಗು ಹಂಗಾರ!" ಎಂದು ಗದರಿದೆ. ಮಗು ಬಾಗಿಲ ಹಿಂದೆ ಹೋಗಿ ನಿಂತಿತು, ಕಾಲು ಕತ್ತರಿ ಹಾಕಿ.

ಆತ್ಯಾ ಒಂದು ಸೋಮವಾರ ಹೇಳದೆ ಕೇಳದೆ ಬಂದಳು. ಹನ್ನೆರಡರ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಒಂದು ಚೀಲ ಪೇರಲ ಹಣ್ಣು ಹಿಡಿದು, ಬಸ್ಸಿನ ಧೂಳು ಮೈಮೇಲೆ.

"ಬೀದರಿನಾಗ ಜರಾ ಕೆಲಸ ಇತ್ತರಿ ಬೀಗ್ತಿ. ಹಾಂಗೇ ಕೂಸಿನ್ನ ನೋಡಿ ಹೋಗ್ತೇನಿ ಅಂತ ಬಂದೀನಿ."

ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಹಿಂದಿನ ಸಂಜೆ ಫೋನಿನಲ್ಲಿ ಮಗುವಿನ ಅಳು ಕೇಳಿಸಿತ್ತು, ನಾನು ಬೇಗ ಕಟ್ ಮಾಡಿದ್ದೆ. ಅದಕ್ಕೇ ಬಂದಿದ್ದಳು. ಮಗು ಅವಳನ್ನು ನೋಡಿ ಮೊದಲು ನಿಂತಲ್ಲೇ ನಿಂತಿತು. ಆಮೇಲೆ ಓಡಿ ಹೋಗಿ ಅವಳ ಮೊಣಕಾಲಿಗೆ ಮುಖ ಒತ್ತಿತು. ನಾನು ಒಲೆಯ ಕಡೆ ತಿರುಗಿದೆ.

"ಊಟದ ಹೊತ್ತದ, ಉಣಸ್ರಿ ನೀವು. ನಾ ನೀರು ಕುಡಿತೇನಿ" ಎಂದು ಆತ್ಯಾ ನೆಲದ ಮೇಲೆ ಕೂತಳು. ನನಗೆ ಪರೀಕ್ಷೆಗೆ ಕೂಡಿಸಿದ ಹಾಗಾಯಿತು. ಬೇಳೆ ಅನ್ನ ಕಲಸಿದೆ. ಮಗು ಮೂರು ತುತ್ತು ತಿಂದಿತು. ನಾಲ್ಕನೆಯದಕ್ಕೆ ಕೈ ತಳ್ಳಿ, "ಶೀ" ಎಂದಿತು.

ನನಗೆ ತಡೆಯಲಾಗಲಿಲ್ಲ. "ನೋಡ್ರಿ, ಕಣ್ಣಾರೆ ನೋಡ್ರಿ. ಏನ್ ಮಾಡಿ ಹಾಕಿದ್ರೂ ಇದೇ. ನನ್ನ ಕೈಯಾಗಿಂದು ಅಂದ್ರ ಶೀ ಅಂತಾಳ. ಹಿಂಗ ಯಾರು ಕಲಿಸ್ಯಾರೋ!"

ಆತ್ಯಾ ಲೋಟ ಕೆಳಗಿಟ್ಟಳು. "ಏನಂದ್ರಿ?"

"ಶೀ ಅಂತಾಳರಿ. ಹೇಸಿಗಿ ಅಂತಾಳ."

ಅವಳು ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ನಕ್ಕುಬಿಟ್ಟಳು, ದೊಡ್ಡದಾಗಿ, ಬಾಯಿಗೆ ಸೆರಗು ಹಿಡಿದು. "ಅಯ್ಯ ನನ್ನ ತಂಗಿ! ಊಟಕ್ಕಲ್ಲ ಅದು. ಆಕಿಗಿ ಎರಡಕ್ಕ ಬಂದದ. ನಮ್ಮ ಕಡಿ ಕೂಸಗೋಳು ಅದಕ್ಕ ಶೀ ಅಂತಾವ. ಬಾಳಾ, ಶೀ ಆಲೀ ಕಾ?"

ಮಗು ಅಳುತ್ತ, ಬಂದಿದೆ ಎಂಬಂತೆ ಗೋಣು ಹಾಕಿತು.

ನನಗೆ ಮರಾಠಿ ಬರುತ್ತದೆ. ಭಾಲ್ಕಿಯಲ್ಲಿ ಹುಟ್ಟಿದವರಿಗೆ ಬರದೆ ಇರುವುದಿಲ್ಲ. ಆದರೆ ಅದು ಬಜಾರದ ಮರಾಠಿ, ಬಸ್ ಸ್ಟ್ಯಾಂಡಿನ ಮರಾಠಿ. ತೊಡೆಯ ಮೇಲೆ ಮಗು ಕೂತಾಗ ಬೇಕಾಗುವ ಮರಾಠಿ ನನಗೆ ಬರುತ್ತಿರಲಿಲ್ಲ. ಎರಡು ತಿಂಗಳು, ದಿನಕ್ಕೆ ಎರಡು ಸಲ, ಮಗು ಸರಿಯಾದ ಹೊತ್ತಿಗೆ, ಡಾಕ್ಟರು ಹೇಳಿದ ಹೊತ್ತಿಗೇ, ಬಾಯಿಬಿಟ್ಟು ಹೇಳಿತ್ತು. ನಾನು ಆ ಬಾಯಿಗೆ ತುತ್ತು ತುರುಕಿದ್ದೆ.

ಆತ್ಯಾ ಆಗಲೇ ಎದ್ದಿದ್ದಳು. ಬಚ್ಚಲಿಗೆ ಬರುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಹಿತ್ತಲ ಬಾಗಿಲು ತೆರೆದಳು. ಹಿತ್ತಲ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿದಳು. ಒಂದು ಮಣೆಯ ಮೇಲೆ ತಾನು ಕೂತು, ಸೀರೆ ಮೊಣಕಾಲಿಗೆ ಎತ್ತಿ, ಎರಡೂ ಕಾಲು ಮುಂದೆ ಚಾಚಿ, ಪಾದಗಳ ನಡುವೆ ಒಂದು ಗೇಣು ಜಾಗ ಬಿಟ್ಟಳು. ಮಗುವನ್ನು ತನ್ನ ಕಡೆ ಮುಖ ಮಾಡಿಸಿ ಆ ಎರಡು ಪಾದಗಳ ಮೇಲೆ ಕೂಡಿಸಿದಳು. ಮಗುವಿನ ಮಂಡಿ ಮಡಚಿ ಹೊಟ್ಟೆಗೆ ತಾಗಿತು, ಅಂಗಾಲು ಗಟ್ಟಿಯಾಗಿ ನೆಲಕ್ಕೂರಿತು. ಮಗು ಅವಳ ಎಡಗೈಯ ಹೆಬ್ಬೆರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿತು. ಇದನ್ನು ನಾನು ನೂರು ಮನೆಯಲ್ಲಿ ನೋಡಿದ್ದೆ. ಮಾಡಿ ನೋಡುವ ಪ್ರಸಂಗ ನನಗೆ ಬಂದಿರಲಿಲ್ಲ, ಆ ಹಾಡುವ ಬಾತುಕೋಳಿಯನ್ನು ಕೊಳ್ಳುವಾಗ ನೆನಪಿಗೂ ಬರಲಿಲ್ಲ.

"ಬಿಸಿ ನೀರು ತರ್ರಿ, ಉಗುರುಬೆಚ್ಚಗ. ಕೊಬ್ಬರಿ ಎಣ್ಣಿ ತರ್ರಿ ಜರಾ."

ತಂದುಕೊಟ್ಟೆ. ನೀರು ಹಾಕುತ್ತ, ಎಣ್ಣೆ ಹಚ್ಚುತ್ತ, ಅವಳು ಯಾವ ಅವಸರವೂ ಇಲ್ಲದೆ "ಯೇ ಗ, ಯೇ, ಯೇ" ಎನ್ನುತ್ತಿದ್ದಳು. ಬಾರಮ್ಮ, ಬಾ. ಬಾಗಿಲಲ್ಲಿ ನಾಚಿ ನಿಂತ ನೆಂಟರ ಹುಡುಗಿಯನ್ನು ಒಳಗೆ ಕರೆದ ಹಾಗೆ. ತಿಣುಕು ಎನ್ನಲಿಲ್ಲ, ಮಾಡು ಎನ್ನಲಿಲ್ಲ. ಮಗು ಕಿರುಚಿತು. ಅವಳ ಹೆಬ್ಬೆರಳಿಗೆ ಉಗುರು ನಾಟಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ನಾನು ಚೊಂಬು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಮಗುವಿಗೆ ಹಗುರಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅದು ಖರೆ. ಅವಳ ಕಾಲ ಮೇಲೆ ಆಗಬಾರದು ಎಂದೂ ಅನಿಸುತ್ತಿತ್ತು, ಅದೂ ಖರೆ.

ಅರ್ಧ ಗಂಟೆ ಹಿಡಿಯಿತು. ಆಯಿತು. ರಕ್ತವೂ ಬಂತು. ಆದರೆ ಆಯಿತು. ಮಗು ತಾನು ಮಾಡಿದ್ದನ್ನು ಬಗ್ಗಿ ನೋಡಿ, ಬಿಕ್ಕುತ್ತಲೇ "ಶೀ" ಎಂದು ನಮಗೆ ತೋರಿಸಿತು.

"ಹೌದು ಶೀ, ಶಾಣ್ಯಾ ಕೂಸು" ಎಂದಳು ಆತ್ಯಾ.

ನಾನು ಚೊಂಬು ಕೆಳಗಿಟ್ಟೆ. ಆ ಮಾತನ್ನು ನಾನು ಕೇಳಿದ್ದೆ, ಅವ್ವನ ಮನೆಯಲ್ಲಿ. ತಂಗಿ ನನ್ನನ್ನು ಚುಚ್ಚಿರಲಿಲ್ಲ. ಮಗುವಿನ ಮಾತು ಅಕ್ಕನಿಗೆ ತಿಳಿಯಿತು ಎಂದು ನಿಜವಾಗಿಯೂ ಖುಷಿಪಟ್ಟಿದ್ದಳು. ನಾನು ಹೇಸಿಗೆಯಿಂದ ಅಂದದ್ದನ್ನು ಮಗುವಿನ ಭಾಷೆಯಲ್ಲಿ ಅಂದೆ ಎಂದು ತಿಳಿದು ನಕ್ಕಿದ್ದಳು. ನಾನು ಮೂರರ ಬಸ್ಸಿಗೆ ಬಂದುಬಿಟ್ಟೆ.

ಕಟ್ಟೆಯ ಮೇಲೇ ಕೂತು ಅತ್ತೆ. ಆತ್ಯಾ ಮಗುವನ್ನು ತೊಳೆದು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಪಕ್ಕದಲ್ಲಿ ಕೂತಳು. ನಾನು ಸಾಬೂನಿನ ವಿಷಯ ಹೇಳಿದೆ. ಹಾಲಿನ ವಿಷಯ ಹೇಳಿದೆ. ಎದ್ದು ಹೋಗಿ ಮೆಷಿನ್ನಿನ ಖಾನೆಯಿಂದ ಸಿರಪ್ ತಂದು ತೋರಿಸಿದೆ.

ಅವಳು ಬಾಟಲಿ ತಿರುಗಿಸಿ ನೋಡಿದಳು. "ಐದು ಬಾಟಲಿ ಎಮ್ಮಿ ಹಾಲು! ಏನ್ ಬೀಗ್ತಿ, ಕೂಸಿನ್ನ ಕುಸ್ತಿಗಿ ಕಳಸೋರಿದ್ದೀರೇನು?" ಎಂದಳು. ನಾನು ನಗಲಿಲ್ಲ. ಅವಳೇ ಮಗುವಿನ ಕಾಲು ಒರೆಸುತ್ತ, "ನನ್ನ ಮೊದಲನೇ ಮಗಗ ನಾನೂ ಸಾಬೂನ ಇಟ್ಟೀನಿ. ಯಾರ್ ಇಟ್ಟಿಲ್ಲ?" ಎಂದಳು.

ಅವಳು ಎಂಟು ದಿನ ನಮ್ಮಲ್ಲೇ ಉಳಿದಳು. ಮರುದಿನ ಮೂವರೂ ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಬೈಯಲಿಲ್ಲ, ಸಿರಪ್ಪಿನ ಅಳತೆ ಬದಲಿಸಿದರು. ಹಾಲು ಎರಡು ಲೋಟಕ್ಕೆ ಇಳಿಯಿತು, ಬಾಟಲಿ ಹೋಗಿ ಬಟ್ಟಲು ಬಂತು. ಪೇರಲದ ಬೀಜ ತೆಗೆದು ಮೆತ್ತಗೆ ಹಿಚುಕಿ, ಪಪ್ಪಾಯಿ ಹೋಳು ಮಾಡಿ, ಒಣದ್ರಾಕ್ಷಿ ನೆನೆಹಾಕಿ ಕೊಟ್ಟೆವು. ಊಟವಾದ ಮೇಲೆ ಹಿತ್ತಲ ಕಟ್ಟೆ. ಮೂರನೆಯ ದಿನ ಆತ್ಯಾ, "ಇವತ್ತ ನೀವು ಕೂಡ್ರಿ" ಎಂದು ಮಣೆ ನನ್ನ ಕಡೆ ತಳ್ಳಿದಳು.

ನಾನು ಕಾಲು ಚಾಚಿ ಕೂತೆ. ಮಗು ನನ್ನ ಪಾದದ ಮೇಲೆ ಕೂತು, ತಿರುಗಿ ತಿರುಗಿ ಆತ್ಯಾಳನ್ನು ನೋಡಿತು. ಆತ್ಯಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಗು ಅತ್ತಿತು, ಆಮೇಲೆ ನನ್ನ ಹೆಬ್ಬೆರಳು ಹುಡುಕಿ ಹಿಡಿಯಿತು. ಅಂದು ನನ್ನ ಕಾಲ ಮೇಲೆ ಅದಕ್ಕೆ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆರನೆಯ ದಿನ ಆಯಿತು, ಮೆತ್ತಗೆ, ರಕ್ತವಿಲ್ಲದೆ. ನಾನು ಒಳಗೆ ಕೂಗಿ ಹೇಳಿದೆ. ಆತ್ಯಾ ಅಡುಗೆಮನೆಯಿಂದಲೇ, "ಪೇಢಾ ಹಂಚ್ರಿ ಓಣಿಗೆಲ್ಲಾ!" ಎಂದಳು.

ಎಂಟನೆಯ ದಿನ ಅವಳು ತನ್ನ ಚೀಲ ಕಟ್ಟಿದಳು, ತನ್ನ ಬಟ್ಟೆ ಮಾತ್ರ. ಮಗುವಿನ ಬಟ್ಟೆ ಮುಟ್ಟಲಿಲ್ಲ. ಮಗು ಅವಳ ಚೀಲದ ಮೇಲೆ ಹತ್ತಿ ಕೂತಿತು, ಇಳಿಯಲಿಲ್ಲ. ಆತ್ಯಾ ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತ ನಿಂತಳು. ಮಗುವನ್ನು ಕಳಿಸು ಎಂದು ಅವಳೇ ಬಾಯಿಬಿಟ್ಟು ಕೇಳಲಿ ಎಂದು ನಾನು ಕಾದೆ, ಕೇಳಿದರೆ ಇಲ್ಲ ಎನ್ನಬಹುದು ಎಂದು. ಅವಳು ಕೇಳಲಿಲ್ಲ. ಔರಾದಿನಲ್ಲಿ ಮಗುವಿನ ಅಪ್ಪ ಇದ್ದಾನೆ, ಮಗುವಿನ ಮಾತು ತಿಳಿಯುವ ಓಣಿ ಇದೆ. ಇಲ್ಲಿ ನಾನಿದ್ದೇನೆ. ನಾನೇ ಎದ್ದು ಮಗುವಿನ ಬಟ್ಟೆ ಮಡಚಿದೆ. ಸಿರಪ್ ಮೇಲಿಟ್ಟೆ.

"ದಿನಾ ಕೊಡ್ರಿ. ನಡುವ ಬಿಡಬ್ಯಾಡ್ರಿ" ಎಂದೆ.

"ಬಿಡಲ್ಲರಿ."

ಬಸ್ ಸ್ಟ್ಯಾಂಡಿನವರೆಗೆ ಮಗು ನನ್ನ ತೋಳಲ್ಲೇ ಇತ್ತು. ಔರಾದಿನ ಬಸ್ಸು ಬಂದ ತಕ್ಷಣ ಆತ್ಯಾಳ ಕಡೆ ವಾಲಿತು. ಮನೆಗೆ ಬಂದು ಮೆಷಿನ್ ಮೇಲಿನ ಬಟ್ಟೆ ತೆಗೆದೆ, ಹೊಲಿಯಲಿಲ್ಲ.

ಆಮೇಲೆ ದಿನಾ ಸಂಜೆ ಫೋನ್ ಮಾಡಿ ಹೊಟ್ಟೆಯ ವಿಷಯ ಕೇಳುವವಳು ನಾನಾದೆ. ಆತ್ಯಾ ಬಣ್ಣ ಸಮೇತ ಹೇಳುತ್ತಿದ್ದಳು. ಬೇರೆ ಹೆಂಗಸರು ಧಾರಾವಾಹಿಯ ಕತೆ ಮಾತಾಡಿಕೊಂಡ ಹಾಗೆ ನಾವಿಬ್ಬರೂ ಇದನ್ನು ಮಾತಾಡಿಕೊಂಡೆವು. ಏಳು ತಿಂಗಳು ಸಿರಪ್ ನಡೆಯಿತು, ಆಮೇಲೆ ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ನಾನು ಹದಿನೈದು ದಿನಕ್ಕೊಮ್ಮೆ ಔರಾದಿಗೆ ಹೋಗುತ್ತೇನೆ. ಹೊಟ್ಟೆಕಿಚ್ಚು ಹೋಗಿಲ್ಲ. ಬಸ್ಸಿಳಿದು ಆ ಓಣಿಗೆ ತಿರುಗುವಾಗ, ಮಗು ಅವಳ ಸೆರಗು ಹಿಡಿದು ನಿಂತದ್ದು ಕಂಡರೆ ಇವತ್ತಿಗೂ ಉರಿಯುತ್ತದೆ. ಅವಳಿಗೆ ಅದು ಗೊತ್ತು. ನಾನು ಬರುವ ದಿನ ಮಗುವಿನ ಜಡೆ ಹಾಕದೆ ಬಿಟ್ಟಿರುತ್ತಾಳೆ, ನಾನು ಹಾಕಲಿ ಎಂದು. ಅವಳು ಹೀಗೆ ಒಳ್ಳೆಯವಳಾಗಿರುವುದಕ್ಕೂ ನನಗೆ ಅಸೂಯೆ.

ಕಳೆದ ಸಲ ಹೋದಾಗ ಮಗುವಿಗೆ ಮೂರೂವರೆ ವರ್ಷ. ಊಟದ ನಡುವೆ ತಾನೇ ಎದ್ದಳು. ನಾನೂ ಎದ್ದೆ, ಆತ್ಯಾನೂ ಎದ್ದಳು. ಮಗು ನಮ್ಮಿಬ್ಬರನ್ನೂ ನೋಡಿ, "ಯಾರೂ ಬರಬ್ಯಾಡ್ರಿ, ನಂಗ ಬರ್ತದ" ಎಂದು ಸಂಡಾಸಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಹಾಡು ಕೇಳಿಸಿತು, ಬಾಲವಾಡಿಯಲ್ಲಿ ಕಲಿತದ್ದು.

"ಹೋತು ಬೀಗ್ತಿ, ನಮ್ಮಿಬ್ಬರದೂ ನೌಕರಿ ಹೋತು" ಎಂದಳು ಆತ್ಯಾ.

ನಾವು ಬಾಗಿಲ ಹೊರಗೆ ನಿಂತೇ ಇದ್ದೆವು. ಸ್ವಲ್ಪ ಹೊತ್ತಿಗೆ ಮಗು ಹೊರಗೆ ಬಂದಳು, ಚಡ್ಡಿ ತಿರುಗಾಮುರುಗಾ ಹಾಕಿಕೊಂಡು, ಮುಖ ನಿರಾಳ. ಅವಳಿಗೆ ಈಗ ಏನೂ ನೋವಿಲ್ಲ. ಆ ದಿನಗಳು ನೆನಪೂ ಇಲ್ಲ. ಅವಳನ್ನು ನೋಡಲು ಹೊರಗೆ ನಾನಿದ್ದೆ, ಅವಳ ಆತ್ಯಾ ಇದ್ದಳು. ನನ್ನ ತಂಗಿ ಇರಲಿಲ್ಲ.